ನಡುವಿನ ಜಾಲಿ

ಕುರಿ ಮಾರುವ ಮಾತನ್ನು ಮಾಳಿಂಗರಾಯ ತೆಗೆದದ್ದು ಊಟದ ನಡುವೆ. ಮಗನಿಗೆ ಇನ್ನಷ್ಟು ಪುಂಡಿಪಲ್ಲೆ ಬಡಿಸಲು ಬಾಗಿದ್ದ ಪದ್ಮವ್ವ ಸೌಟು ಹಿಡಿದುಕೊಂಡೇ ನಿಂತಳು.

“ಇಲಕಲ್ಲಿನ ಖಲೀಲಣ್ಣ ಬರಾವದಾನ,” ಎಂದ ಮಾಳಿಂಗರಾಯ. “ಒಂದ ಮಾತಿನಾಗ ಹಿಂಡ ಪೂರಾ ಕೊಟ್ಟಬಿಡೂಣು. ಮಡ್ಡಿ ಮ್ಯಾಲ ಹುಲ್ಲೆಲ್ಲೈತಿ? ಎಲ್ಲಿ ನೋಡಿದ್ರೂ ಬಳ್ಳಾರಿ ಜಾಲಿ. ಕುರಿ ಮುಳ್ಳ ತಿಂದ ಬದಕ್ತಾವೇನು?”

ತಂದೆ ಲಕ್ಷ್ಮಪ್ಪ ತಲೆ ಎತ್ತಲಿಲ್ಲ. ರೊಟ್ಟಿ ಮುರಿದು ಕೆಂಪಿಂಡಿ ಚಟ್ನಿಗೆ ಹಚ್ಚಿ ಬಾಯಿಗಿಟ್ಟುಕೊಂಡ. “ಕುರಿ ಇಲ್ಲದ ಮನಿ ನಮ್ಮ ವಂಶದಾಗ ಇಲ್ಲ,” ಎಂದ.

“ವಂಶ ಹುಲ್ಲ ತಂದ ಹಾಕ್ತೈತೇನು?”

“ಲೇ, ಉಣ್ಣೂ ಮುಂದ ಬ್ಯಾಡ,” ಎಂದಳು ಪದ್ಮವ್ವ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಂಜನಾ ಕೈ ನಿಲ್ಲಿಸದೆ ಗಂಡನಿಗೆ ಹೇಳಿದಳು: “ಹಿಂಡಿನಾಗ ನನ್ನ ತವರಮನಿ ಕುರಿನೂ ಅದಾವ. ಅವನ್ನ ಯಾರನ್ನ ಕೇಳಿ ಕೊಡ್ತೀರಿ?”

“ನಿನ್ನ ಕುರಿ ನೀ ಇಟ್ಕೋ. ಏನ್ ತಿನಸ್ತಿ ಅದನ್ನೂ ಹೇಳು.”

“ಜಾಲಿ ತಗದ್ರ ಹುಲ್ಲ ಬರ್ತೈತಿ.”

“ಹ್ವಾದ ವರ್ಷಾನೂ ಕಡದಿದ್ದಿ. ಏನಾತು? ಒಂದ ಇದ್ದಲ್ಲಿ ಹತ್ತ ಎದ್ದು.”

“ಮ್ಯಾಲಿಂದ ಕಡದಿದ್ದೆ. ಈ ಸಲ ಬ್ಯಾರ ಸಮೇತ ತಗೀತೇನಿ.”

“ಮತ್ತ ನಡುವಿನ ಪಟ್ಟಿ? ಅದರ ಬ್ಯಾರ ಯಾರ ತಗೀಬೇಕು?”

ಲಕ್ಷ್ಮಪ್ಪ ತಾಟಿನಲ್ಲಿಯೇ ಕೈ ತೊಳೆದು ಎದ್ದ. ಅರ್ಧ ರೊಟ್ಟಿ ಹಾಗೇ ಉಳಿಯಿತು. ಆ ಮನೆಯಲ್ಲಿ ನಡುವಿನ ಪಟ್ಟಿಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಅವರ ಮನೆ ಶಿರೂರಿನ ಹೊರಗೆ, ಮಡ್ಡಿಯ ಮಗ್ಗುಲಿಗೆ. ಮಡ್ಡಿ ಕೆಂಪು ಕಲ್ಲಿನ ನೆಲ. ಬಿತ್ತಲು ಆಗದು, ಮೇಯಿಸಲು ಮಾತ್ರ ಬರುತ್ತದೆ. ಒಂದು ಕಾಲಕ್ಕೆ ಅದು ಲಕ್ಷ್ಮಪ್ಪ ಮತ್ತು ಅವನ ತಮ್ಮ ಹಣಮಪ್ಪ ಇಬ್ಬರದೂ ಆಗಿತ್ತು. ತಂದೆ ಸತ್ತ ಮೇಲೆ ಪಾಲಾದಾಗ ಎಲ್ಲವೂ ಸರಿಹೋಯಿತು, ಹಳ್ಳದ ದಂಡೆಯ ಒಂದು ಪಟ್ಟಿ ಬಿಟ್ಟು. ಎಲ್ಲ ಕಡೆ ಹುಲ್ಲು ಒಣಗಿದಾಗಲೂ ಅಲ್ಲಿ ಕರಕಿ ಹಸಿರಾಗಿರುತ್ತಿತ್ತು. ಅದು ನನ್ನದೆಂದು ಅಣ್ಣ, ನನ್ನದೆಂದು ತಮ್ಮ. ಕುಡಗೋಲು ಎತ್ತುವ ತನಕ ಹೋದ ಜಗಳವನ್ನು ಹಿರಿಯರು ಬೀರಪ್ಪನ ಗುಡಿಗೆ ತಂದು ನಿಲ್ಲಿಸಿದರು. ಇಬ್ಬರೂ ದೇವರ ಅರಿಸಿನದ ಭಂಡಾರ ಹಿಡಿದು ಆಣೆ ಮಾಡಿದರು. ಹಿರಿಯರು ತೀರ್ಮಾನ ಹೇಳುವವರೆಗೆ ಇಬ್ಬರೂ ಆ ಪಟ್ಟಿಗೆ ಕಾಲಿಡಬಾರದು. ಮೊದಲು ಕಾಲಿಟ್ಟವನ ಹಕ್ಕು ಹೋದಂತೆಯೇ. ತೀರ್ಮಾನ ಹೇಳಬೇಕಾದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಂಡರು. ಆಣೆ ಉಳಿಯಿತು. ಅಣ್ಣತಮ್ಮಂದಿರ ಮಾತು ನಿಂತಿತು. ಯಾರೂ ಕಾಲಿಡದ ನೆಲದಲ್ಲಿ ಬಳ್ಳಾರಿ ಜಾಲಿ ಬಂದು, ಆಚೆಯವರು ಈಚೆಯವರಿಗೆ ಕಾಣದಷ್ಟು ದಟ್ಟವಾಗಿ ಬೆಳೆಯಿತು.

ಅಲ್ಲಿಂದ ಅದು ಎರಡೂ ಕಡೆ ಹಬ್ಬಿತು. ಬೇಸಿಗೆಯಲ್ಲಿ ಪಟ್ಟಿಯ ಅಂಚಿಗೆ ಹಳದಿ ಕಾಯಿ ಉದುರುತ್ತಿದ್ದವು. ಹಸಿದ ಕುರಿ ಅವನ್ನು ಆಯ್ದು ತಿನ್ನುತ್ತಿದ್ದವು. ಅವು ಎಲ್ಲಿ ಹಿಕ್ಕಿ ಹಾಕುತ್ತವೋ ಅಲ್ಲಿ, ಮಳೆ ಬಿದ್ದ ಮೇಲೆ, ಜಾಲಿಯ ಸಸಿ.

ಮರುದಿನದಿಂದ ಅಂಜನಾ ಬುತ್ತಿಯ ಜೊತೆಗೆ ಹಾರೆ, ಗುದ್ದಲಿ, ಕೊಡಲಿ ಕಟ್ಟಿಕೊಂಡು ಮಡ್ಡಿಗೆ ಹೋಗತೊಡಗಿದಳು. ಮಾವನಿಗೆ ಮೊಣಕಾಲು ನೋವು ಹೆಚ್ಚಾದ ಮೇಲೆ ಕುರಿ ಕಾಯುವುದು ಅವಳದೇ ಆಗಿತ್ತು. ಮಾವ ಮಧ್ಯಾಹ್ನ ಬಂದು ಅವಳ ಊಟದ ಹೊತ್ತಿಗಷ್ಟು ಕಾಯುತ್ತಿದ್ದ. ಅವಳು ಗಿಡದ ಬುಡ ಬಿಡಿಸಿ, ಮಣ್ಣಿನೊಳಗೆ ಗಂಟು ಸಿಗುವ ತನಕ ಅಗೆದು, ಅದರ ಕೆಳಗೆ ಕೊಡಲಿ ಹಾಕುತ್ತಿದ್ದಳು. ಗಂಟು ಉಳಿದರೆ ಮತ್ತೆ ಚಿಗುರುತ್ತಿತ್ತು. ಅಂಗೈ ಬೊಬ್ಬೆ ಒಡೆದು ಮತ್ತೆ ಬೊಬ್ಬೆ ಎದ್ದವು. ಸಂಜೆ ರೊಟ್ಟಿ ಬಡಿಯಲು ಕೂತಾಗ ಹಿಟ್ಟು ತಾಗಿ ಅಂಗೈ ಉಪ್ಪು ಹಚ್ಚಿದ ಹಾಗೆ ಉರಿಯುತ್ತಿತ್ತು.

“ಕೊಡಿಲ್ಲಿ, ನಾ ಬಡೀತೇನಿ,” ಎಂದು ಪದ್ಮವ್ವ ಹಿಟ್ಟಿನ ಕೊಣಮಿಗೆಯನ್ನು ಎಳೆದುಕೊಂಡಳು. “ಗಂಡನ ಮ್ಯಾಲಿನ ಸಿಟ್ಟ ನೆಲದ ಮ್ಯಾಲ ತೀರಸಾಕ ಹತ್ತೀಯೇನು?”

“ಸಿಟ್ಟಲ್ರಿ ಅತ್ತಿ. ಮಳಿ ಬರೂದರಾಗ ನಮ್ಮ ಪಾಲಿಂದಷ್ಟರ ಆಗಬೇಕು.”

“ಆತು. ಆಮ್ಯಾಲ ಪಟ್ಟಿ ಕಡಿಂದ ಮತ್ತ ಬರ್ತಾವಲ್ಲ?”

ಅಂಜನಾ ಬಾಗಿಲ ಕಡೆ ನೋಡಿದಳು. ಹೊರಗೆ ಕಟ್ಟೆಯ ಮೇಲೆ ಮಾವ ಕೂತಿದ್ದ.

ಮಾಳಿಂಗರಾಯ ಶಿರೂರಿನಿಂದ ಬಾಗಲಕೋಟೆಗೆ ಟಂಟಂ ಗಾಡಿ ಹೊಡೆಯುತ್ತಿದ್ದ. ಆ ವಾರವೆಲ್ಲ ಅವನು ಮಧ್ಯಾಹ್ನದ ಬುತ್ತಿ ಮುಟ್ಟಲಿಲ್ಲ. ನವನಗರದ ಖಾನಾವಳಿಯಲ್ಲಿ ಉಂಡು ಬಂದೆ ಎನ್ನುತ್ತಿದ್ದ. ಹೆಂಡತಿ ಕಟ್ಟಿಕೊಟ್ಟ ಬುತ್ತಿ ಸಂಜೆ ಹಾಗೇ ತಿರುಗಿ ಬರುತ್ತಿತ್ತು. ಅಂಜನಾ ಅದನ್ನು ಬಿಚ್ಚಿ ನಾಯಿಗೆ ಹಾಕಿ, ಮರುದಿನ ಮತ್ತೆ ಕಟ್ಟುತ್ತಿದ್ದಳು.

ಲಕ್ಷ್ಮಪ್ಪನ ಕಾಲನ್ನು ಮೊದಲು ನೋಡಿದವಳು ಪದ್ಮವ್ವ. ಕೆಲವು ದಿನಗಳಿಂದ ಅವನು ಎಡಗಾಲು ಎಳೆಯುತ್ತಿದ್ದ. ಕೇಳಿದರೆ ಮೊಣಕಾಲು ಎನ್ನುತ್ತಿದ್ದ. ಪಾದಕ್ಕೆ ಹಳೆಯ ರುಮಾಲಿನ ಚೂರು ಸುತ್ತಿಕೊಂಡು, ತಂಪಿಗೆ ಎನ್ನುತ್ತಿದ್ದ. ಒಂದು ಬೆಳಿಗ್ಗೆ ಜ್ವರ ಬಂದು ಮಲಗಿದವನ ಕಾಲ ಬಳಿ ನೊಣ ಮುತ್ತಿದ್ದು ಕಂಡು ಅವಳು ರುಮಾಲು ಬಿಚ್ಚಿದಳು. ಎರಡು ಬೆರಳು ಕಪ್ಪಾಗಿದ್ದವು. ಅಂಗಾಲು ಬಾತು ಕೀವಾಗಿತ್ತು.

“ಏನಿದು?” ಎಂದಳು.

“ಮುಳ್ಳ ನಟ್ಟೈತಿ.”

“ಯಾವಾಗ?”

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಅಂಜನಾ ಕುರಿ ಬಿಡುವುದನ್ನು ನಿಲ್ಲಿಸಿ ಒಳಗೆ ಬಂದಳು. ಮಾಳಿಂಗರಾಯ ಟಂಟಂ ಬಾಗಿಲಿಗೆ ತಂದ. ಆದರೆ ಲಕ್ಷ್ಮಪ್ಪ ಏಳಲಿಲ್ಲ.

“ದವಾಖಾನಿಗೆ ನಾ ಒಲ್ಲೆ.”

“ಸಕ್ಕರಿ ಐತಿ ನಿನಗ. ಕಾಲ ಕೊಳತ ಹೊಂಟೈತಿ,” ಎಂದ ಮಾಳಿಂಗರಾಯ. “ಏಳು.”

“ಇದು ದವಾಖಾನಿ ಬ್ಯಾನಿ ಅಲ್ಲ.”

“ಮತ್ತ ಯಾವುದ ಬ್ಯಾನಿ?”

ಲಕ್ಷ್ಮಪ್ಪನ ಬಾಯಿ ಒಣಗಿತ್ತು. ಅಂಜನಾ ನೀರು ಕೊಟ್ಟಳು. ಒಂದು ಗುಟುಕು ಕುಡಿದು ಅವನು ಹೇಳಿದ: “ನಾ ಪಟ್ಟಿಯೊಳಗ ಹೋಗಿದ್ನಿ. ಒಂದ ಕುರಿ ಸಿಕ್ಕೊಂಡಿತ್ತು, ಜಾಲಿಯಾಗ. ಒದರಾಕ ಹತ್ತಿತ್ತು. ಹೋಗಿ ಬಿಡಿಸಿದ್ನಿ. ಭಂಡಾರ ಮುಟ್ಟಿ ಆಣಿ ಮಾಡಿ ಮುರದಾಂವ ನಾ. ಬೀರಪ್ಪ ಕಾಲ ತೊಗೊಂಡ. ತೊಗೊಳ್ಳಿ.”

ಮಾಳಿಂಗರಾಯ ತಲೆಯ ಮೇಲೆ ಕೈಯಿಟ್ಟುಕೊಂಡು ಹೊಸ್ತಿಲಲ್ಲಿ ಕೂತ. “ಒಂದ ಕುರಿ ಸಲುವಾಗಿ,” ಎಂದ. “ನಾ ಹಿಂಡ ಮಾರ್ರಿ ಅಂದ್ರ ಯಾರೂ ಕೇಳ್ಲಿಲ್ಲ.”

ಪದ್ಮವ್ವ ಗಂಡನ ತಲೆಯ ಬಳಿ ಕೂತಳು. ಅವಳು ಯಾವತ್ತೂ ಅವನೆದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

“ಬೀರಪ್ಪ ಏನ್ ಕಾಯ್ತಿದ್ದ ಹೇಳ್ರಿ?”

ಅವನು ಅವಳ ಕಡೆ ತಿರುಗಿದ.

“ಕುರಿ ಕಾಯ್ತಿದ್ದ. ಕುರಿ ಕಾಯೂ ದೇವ್ರು ಕುರಿ ಉಳಿಸಿದವನ ಕಾಲ ಕಡೀತಾನೇನು? ನೀವು ಹಂಗ ತಿಳಕೊಂಡಿದ್ರ ಇಷ್ಟ ವರ್ಷ ಯಾರ ಪೂಜಿ ಮಾಡಿದ್ರಿ? ಏಳ್ರಿ. ನಿಮ್ಮ ಮುಳ್ಳ ಡಾಕ್ಟರ್ ತಗೀಲಿ. ದೇವ್ರ ಕೂಡ ನಾ ಮಾತಾಡ್ತೇನಿ.”

ಅವನನ್ನು ಎತ್ತಿ ಟಂಟಂನಲ್ಲಿ ಮಲಗಿಸಿದರು. ದಾರಿಯುದ್ದಕ್ಕೂ ಪದ್ಮವ್ವ ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಿದ್ದಳು.

ಬಾಗಲಕೋಟೆಯ ದವಾಖಾನೆಯಲ್ಲಿ ನಾಹಿದಾ ಎಂಬ ಡಾಕ್ಟರು ಕಾಲು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಮಗನನ್ನು ಹೊರಗೆ ಕರೆದರು. ಮುಳ್ಳು ಒಳಗೇ ಮುರಿದಿತ್ತು. ಸಕ್ಕರೆ ಬಹಳ ಏರಿತ್ತು. “ಎರಡ ಬೆರಳ ತಗೀಬೇಕ್ರಿ. ತಡಾ ಮಾಡಿದ್ರ ಪಾದ,” ಎಂದರು. ಮಾಳಿಂಗರಾಯ ಸಹಿ ಹಾಕಿದ.

ಶಸ್ತ್ರಕ್ರಿಯೆ ಮುಗಿದ ಮರುದಿನ ಲಕ್ಷ್ಮಪ್ಪ ಗಂಜಿ ಕುಡಿದು, ಬಟ್ಟೆ ಸುತ್ತಿದ ಕಾಲನ್ನು ನೋಡುತ್ತ ಮಲಗಿದ್ದ. ವಾರ್ಡಿನಲ್ಲಿ ಪಕ್ಕದವರು ಮಲಗಿದ್ದರು. ಅವನು ಹೆಂಡತಿಯನ್ನು ಹತ್ತಿರ ಕರೆದ.

“ಆ ಕುರಿ ನಮ್ದಲ್ಲ,” ಎಂದ.

“ಮತ್ತ?”

“ಹಣಮ್ಯಾಂದು. ಬಲಗಿವಿ ಸೀಳಿತ್ತು, ಅವನ ಗುರ್ತು. ಗಬ್ಬದ ಕುರಿ. ಕೊಳ್ಳಿಗೆ ಟೊಂಗಿ ಸುತ್ತಿತ್ತು.”

“ಗೊತ್ತಿದ್ದೂ ಹೋದ್ರಿ?”

“ಒದರೂ ಮುಂದ ಕಿವಿ ಯಾರ ನೋಡ್ತಾರ? ಬಿಡಿಸಿದ ಮ್ಯಾಲ ನೋಡಿದ್ನಿ.” ಹೊದಿಕೆಯ ಅಂಚು ಎಳೆದುಕೊಂಡು ಹೇಳಿದ: “ಮದ್ಲ ನೋಡಿದ್ರೂ ಹೋಗ್ತಿದ್ನೇನೋ. ಯಾರ ಮುಂದೂ ಹೇಳಬ್ಯಾಡ. ಉಪಕಾರ ಹೇಳಿ ಪಟ್ಟಿ ಕೇಳಿದಂಗ ಆಕ್ಕೈತಿ.”

ಇತ್ತ ಮನೆಯಲ್ಲಿ ಅಂಜನಾ ಒಬ್ಬಳೇ. ಕುರಿ ದಡ್ಡಿಯ ಬಾಗಿಲು ತೆಗೆಯುತ್ತಿದ್ದ ಹೊತ್ತಿಗೆ ಗಂಡನ ಟಂಟಂ ಬಂತು. ಅದರಿಂದ ಖಲೀಲ ಇಳಿದ. ಅವನು ಅಮೀನಗಡದ ಸಂತೆಯಲ್ಲಿ ಕುರಿ ಹಿಡಿಯುವ ವ್ಯಾಪಾರಿ, ನಡುವಯಸ್ಸಿನವನು, ಈ ಮನೆಗೆ ಹಳಬ. ಅಂಜನಾ ತೆಗೆದ ಬಾಗಿಲನ್ನು ಮತ್ತೆ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಬಾಜೂಕ ಸರಿ,” ಎಂದ ಮಾಳಿಂಗರಾಯ.

“ಮಾವಾರ ದವಾಖಾನ್ಯಾಗ ಅದಾರ. ಅವ್ರ ಬರೂಮಟ ಒಂದ ಮರೀನೂ ಹೊರಗ ಹೋಗೂದಿಲ್ಲ.”

“ಅಂವ ಬಂದು ಇನ್ನ ಕುರಿ ಹಿಂದ ತಿರಗ್ತಾನೇನು? ಬೆರಳಿಲ್ಲ ಅವಗ. ಯಾರ ಕಾಯಾವ್ರು?”

“ಈಗ ಯಾರ ಕಾಯಾಕ ಹತ್ಯಾರ?”

“ನೀ ಜಾಲಿ ಕಡ್ಯಾಕ ಹತ್ತಿ. ಅಲ್ಲೇ ನೀನೂ ಒಂದಿನ ಮುಳ್ಳ ನಟ್ಟಿಸಿಕೊಂಡ ಬೀಳ್ತಿ. ನಾ ಎಷ್ಟ ಮಂದಿನ ದವಾಖಾನಿಗೆ ಹೊರಲಿ?”

ಅವನು ಟಂಟಂ ಕಡೆ ತಿರುಗಿ ಕನ್ನಡಿಯನ್ನು ಸುಮ್ಮನೆ ಒರೆಸತೊಡಗಿದ. ಗಂಡನ ಸಿಟ್ಟಿನ ಕೆಳಗೆ ಹೆದರಿಕೆ ಇದೆ ಎಂದು ಅಂಜನಾಳಿಗೆ ಆಗ ಗೊತ್ತಾಯಿತು. ಆದರೂ ಅವಳು ಬಾಗಿಲು ಬಿಡಲಿಲ್ಲ.

ಖಲೀಲ ಇಬ್ಬರನ್ನೂ ನೋಡಿದ. “ಮಾಳಿಂಗಣ್ಣ, ಹೆಣ್ಮಗಳು ಬಾಗಲಾ ಹಿಡದ ನಿಂತ ದಡ್ಡಿಯಿಂದ ನಾ ಕುರಿ ಹೊರಗ ತಗಿಯೂದಿಲ್ಲ. ಲಕ್ಷ್ಮಪ್ಪಣ್ಣ ಬರ್ಲಿ,” ಎಂದ. ಆಮೇಲೆ ಅಂಜನಾಳಿಗೆ, “ತಂಗಿ, ಒಂದೆರಡ ಟಗರಾದ್ರೂ ಕೊಡು. ದವಾಖಾನಿ ಖರ್ಚ ಐತಿ ನಿಮಗ,” ಎಂದ.

ಅಂಜನಾ ಯೋಚಿಸಿದಳು. ಒಳಗೆ ಹೋಗಿ ತನ್ನ ತವರಿನಿಂದ ಬಂದ ಕುರಿಯ ಎರಡು ಟಗರುಗಳನ್ನು ತಾನೇ ಹಿಡಿದು ತಂದು ಕೊಟ್ಟಳು. ಮಾಳಿಂಗರಾಯ ಅವುಗಳ ಕಾಲು ಕಟ್ಟಿದ. ಹೋಗುವಾಗ ಅವಳು ಬುತ್ತಿ ಕೊಟ್ಟಳು. ಅವತ್ತು ಸಂಜೆ ಅದು ಖಾಲಿಯಾಗಿ ತಿರುಗಿ ಬಂತು.

ಮರುದಿನ ಕುರಿಗಳನ್ನು ಮಡ್ಡಿಯ ಮೇಲೆ ಬಿಟ್ಟು ಅಂಜನಾ ನೇರ ಪಟ್ಟಿಗೆ ಹೋದಳು. ಅಂಚಿನಲ್ಲಿ ಒಂದು ಗಳಿಗೆ ನಿಂತು, ಗುಡಿಯ ದಿಕ್ಕಿಗೆ ಕೈ ಮುಗಿದು ಒಳಗೆ ಕಾಲಿಟ್ಟಳು. ಜಾಲಿಯೊಳಗೆ ಗಾಳಿ ಆಡುತ್ತಿರಲಿಲ್ಲ. ಬಗ್ಗಿ ಮೊದಲು ಕೆಳಗಿನ ಟೊಂಗೆ ಸವರಿದಳು. ಆಮೇಲೆ ಬುಡ ಅಗೆದಳು. ಮಧ್ಯಾಹ್ನದ ಹೊತ್ತಿಗೆ ಆಚೆಯಿಂದ ಕೂಗು ಬಂತು.

“ಯಾರದು ಒಳಗ?”

ಹಣಮಪ್ಪನ ಹೆಂಡತಿ ಸಾವಿತ್ರೆವ್ವ. ಟೊಂಗೆಗಳ ಸಂದಿನಲ್ಲಿ ಅವಳ ಕೆಂಪು ಸೆರಗು ಕಾಣುತ್ತಿತ್ತು.

“ನಾನ್ರಿ ಸಣ್ಣತ್ತಿ, ಅಂಜನಾ.”

“ಮಾವ ದವಾಖಾನ್ಯಾಗ ಮಲಗ್ಯಾನ, ಸೊಸಿ ಇಲ್ಲಿ ಪಟ್ಟಿ ನುಂಗಾಕ ಬಂದಾಳು. ಆಣಿ ಐತಿ, ಗೊತ್ತಿಲ್ಲೇನು ನಿನಗ?”

“ಆಣಿ ಮಾಡಿದವ್ರು ಅವ್ರಿಬ್ರೂ. ನಾ ಭಂಡಾರ ಮುಟ್ಟಿಲ್ಲ. ನೀವೂ ಮುಟ್ಟಿಲ್ಲ.”

“ಮಾತ ಭಾಳ ಕಲ್ತಿ.”

“ಈ ಕಾಯಿ ನಿಮ್ಮ ಕುರಿನೂ ತಿಂತಾವ, ನಮ್ಮವೂ ತಿಂತಾವ. ನಿಮ್ಮ ಮಡ್ಡಿ ಮ್ಯಾಲ ಹುಲ್ಲ ಐತೇನ್ರಿ? ಇದ್ರ ಹೇಳ್ರಿ, ನಾ ಎದ್ದ ಹೋಗ್ತೇನಿ.”

ಸಾವಿತ್ರೆವ್ವ ಬೈದುಕೊಳ್ಳುತ್ತ ಹೋದಳು. ಮರುದಿನ ಬಂದು ತನ್ನ ಕಡೆಯ ಬದುವಿನ ಮೇಲೆ ಕೂತಳು. ಅಂಜನಾ ಎಲ್ಲಿಯ ತನಕ ಬರುತ್ತಾಳೆಂದು ಕಾಯುತ್ತಿದ್ದಳು. ಅದರ ಮರುದಿನ ಕುಡಗೋಲು, ಕೊಡಲಿ ತಂದು ತಾನೂ ಆಚೆಯಿಂದ ಕಡಿಯತೊಡಗಿದಳು. ಕಡಿದಷ್ಟು ತನ್ನದಾಗುತ್ತದೆ ಎಂಬ ಲೆಕ್ಕ ಅವಳದು. ಒಬ್ಬರ ಕೊಡಲಿಯ ಸಪ್ಪಳ ಕೇಳಿ ಇನ್ನೊಬ್ಬರು ಜೋರಾಗಿ ಕಡಿಯುತ್ತಿದ್ದರು. ನೀರು ಕುಡಿಯಲು ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲುತ್ತಿರಲಿಲ್ಲ.

“ಸಣ್ಣತ್ತಿ, ಬ್ಯಾರ ಬಿಡಬ್ಯಾಡ್ರಿ. ಒಳಗಿನ ಗಂಟ ತಗೀರಿ,” ಎಂದು ಅಂಜನಾ ಒಮ್ಮೆ ಕೂಗಿ ಹೇಳಿದಳು.

“ನಾ ಅಗಕೋಂತ ಕುಂದರಬೇಕು, ನೀ ಮುಂದ ಬರಬೇಕು. ನನಗ ತಿಳಿಯೂದಿಲ್ಲೇನು?” ಎಂದಳು ಸಾವಿತ್ರೆವ್ವ.

ಕಡಿದ ಟೊಂಗೆ ಗುಡ್ಡೆಯಾದವು. ಒಂದು ದಿನ ಮಾಳಿಂಗರಾಯ ಟಂಟಂ ತಂದು ಬದುವಿನ ಹತ್ತಿರ ನಿಲ್ಲಿಸಿದ. ಇಳಿದು ಕಟ್ಟಿಗೆ ಹೇರತೊಡಗಿದ. ಇದ್ದಿಲು ಸುಡುವವನಿಗೆ ಕೊಡುವುದೆಂದು ಗೊತ್ತುಮಾಡಿಕೊಂಡಿದ್ದ. ಈಚೆಯದು ತುಂಬಿದ ಮೇಲೆ ಆಚೆಯ ಗುಡ್ಡೆ ನೋಡಿ ಕೇಳಿದ: “ಕಾಕವ್ವ, ನಿಮ್ದೂ ಒಯ್ಲೇನು?”

“ಒಯ್ದು?”

“ಬಂದದ್ದ ತಂದ ಕೊಡ್ತೇನಿ.”

ಸಾವಿತ್ರೆವ್ವ ಅವನನ್ನು ಬಹಳ ಹೊತ್ತು ನೋಡಿದಳು. ಅವನನ್ನು ಅವಳು ಸಣ್ಣವನಿದ್ದಾಗ ಎತ್ತಿ ಆಡಿಸಿದ್ದಳು. “ಒಯ್ಯಿ,” ಎಂದಳು.

ಆದರೆ ಟಂಟಂ ನಿಲ್ಲುವ ಜಾಗದಲ್ಲಿ, ತಂದೆಯ ಕಾಲಿನ ಸಂಗತಿ ಕೇಳಿದವರಿಗೆ, ಮಾಳಿಂಗರಾಯ ಸಿಟ್ಟಿನಿಂದ ಎಲ್ಲವನ್ನೂ ಹೇಳಿಬಿಟ್ಟಿದ್ದ. ಆ ಮಾತು ಹಣಮಪ್ಪನ ಮನೆಗೆ ಮುಟ್ಟಿತು. ಪದ್ಮವ್ವ ಗಂಡನಿಗೆ ಬೇರೆ ಧೋತ್ರ ಒಯ್ಯಲು ಊರಿಗೆ ಬಂದವಳು, ಸೊಸೆಗೆ ರೊಟ್ಟಿ ಕೊಟ್ಟು ಹೋಗೋಣವೆಂದು ಮಡ್ಡಿಗೆ ಹೋದಾಗ, ಸಾವಿತ್ರೆವ್ವ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಎಷ್ಟೋ ವರ್ಷದ ಮೇಲೆ ನೆಗೆಣ್ಣಿಯರು ಎದುರುಬದುರಾದರು. ನಡುವೆ ಜಾಲಿ ಅರ್ಧದಷ್ಟು ಮಾತ್ರ ಉಳಿದಿತ್ತು.

“ಅಕ್ಕಾ, ಭಾವ ಪಟ್ಟಿಯೊಳಗ ಕಾಲಿಟ್ಟಾನಂತ. ಊರಿಗೇ ಗೊತ್ತಾಗೈತಿ,” ಎಂದಳು ಸಾವಿತ್ರೆವ್ವ. “ಮದ್ಲ ಕಾಲಿಟ್ಟವನ ಹಕ್ಕ ಹೋತು. ಆಣಿ ಹಂಗೈತಿ. ಇನ್ನ ನಿನ್ನ ಸೊಸೀನ ಕರಕೊಂಡ ಹೋಗು.”

ಅಂಜನಾ ಕೊಡಲಿ ಕೆಳಗಿಟ್ಟಳು. ಪದ್ಮವ್ವ ರೊಟ್ಟಿಯ ಗಂಟನ್ನು ಸೊಸೆಗೆ ಕೊಟ್ಟು, ಕಡಿದ ಜಾಗದಲ್ಲಿ ಹಾದು ಸಾವಿತ್ರೆವ್ವನ ಹತ್ತಿರ ಹೋದಳು.

“ತೊಗೋರಿ ಪಟ್ಟಿ. ನಾ ಬ್ಯಾಡ ಅನ್ನೂದಿಲ್ಲ,” ಎಂದಳು. “ಆದ್ರ ಯಾವ ಕುರಿ ಸಲುವಾಗಿ ಕಾಲಿಟ್ರು ಅದನ್ನ ಕೇಳಿ ತೊಗೋರಿ.”

“ಯಾವ ಕುರಿ?”

“ಬಲಗಿವಿ ಸೀಳಿದ್ದು. ಗಬ್ಬದ್ದು. ಕೊಳ್ಳಾಗ ಗಾಯಾ ಇರಬೇಕು ಇನ್ನೂ. ನಿಮ್ಮ ದಡ್ಡಿಯಾಗ ಐತೇನಿಲ್ಲ ನೋಡ್ಹೋಗು.”

ಸಾವಿತ್ರೆವ್ವ ಸಿಕ್ಕಿಸಿಕೊಂಡಿದ್ದ ಸೆರಗು ಬಿಚ್ಚಿದಳು.

“ಹೇಳಬ್ಯಾಡ ಅಂದಿದ್ರು,” ಎಂದಳು ಪದ್ಮವ್ವ. “ಅವ್ರ ಆಣಿ ಅವ್ರ ಮುರದ್ರು, ಅವ್ರ ಮಾತ ನಾ ಮುರದೇನಿ. ಎರಡ ಬೆರಳ ಹೋಗ್ಯಾವ. ಪಟ್ಟಿನೂ ಹೋಗ್ಲಿ.”

“ಅದು ಮರಿ ಹಾಕೈತಿ,” ಎಂದಳು ಸಾವಿತ್ರೆವ್ವ ಸಣ್ಣ ದನಿಯಲ್ಲಿ. “ಎರಡು.” ಕೊಡಲಿ ಎತ್ತಿಕೊಂಡು ಮನೆಯ ಕಡೆ ನಡೆದಳು. ಆ ದಿನ ಮತ್ತೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅಂಜನಾ ಒಬ್ಬಳೇ ಕಡಿದಳು. ಅದಾದ ಮೇಲೆ ಸಾವಿತ್ರೆವ್ವ ಬಂದಳು. ತಾನು ಬಿಟ್ಟ ಜಾಗದಿಂದ ಶುರು ಮಾಡಿದಳು. ಗಂಡ ಏನಂದ ಎಂದು ಅಂಜನಾ ಕೇಳಲಿಲ್ಲ, ಅವಳು ಹೇಳಲಿಲ್ಲ. ಪಟ್ಟಿ ನಮ್ಮದೆಂಬ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಲಕ್ಷ್ಮಪ್ಪ ಮನೆಗೆ ಬಂದದ್ದು ರೋಹಿಣಿ ಮಳೆಯ ಮೊದಲ ಹನಿ ಬಿದ್ದ ವಾರ. ಕೋಲು ಹಿಡಿದು ನಡೆಯುವುದನ್ನು ಕಲಿಯುತ್ತಿದ್ದ. ಕಟ್ಟೆಯ ಮೇಲೆ ಕೂತು ಮಡ್ಡಿಯ ಕಡೆ ನೋಡಿದವನಿಗೆ ಆಚೆ ಹಣಮಪ್ಪನ ಮನೆಯ ತಗಡು ಕಂಡಿತು. ಅದು ಅಲ್ಲಿಂದ ಕಂಡು ವರ್ಷಗಳಾಗಿದ್ದವು.

“ಯಾರನ್ನ ಕೇಳಿ ಕಡದ್ರಿ?” ಎಂದ, ಊಟಕ್ಕೆ ಕೂತಾಗ.

ಅಂಜನಾ ಅವನ ತಾಟಿಗೆ ಒಂದೇ ರೊಟ್ಟಿ ಹಾಕಿದಳು, ಅನ್ನ ಹಾಕಲಿಲ್ಲ. ಡಾಕ್ಟರು ಹಾಗೆ ಹೇಳಿದ್ದರು.

“ನಾ ಸತ್ತಿದ್ನೇನು? ಬರೂಮಟ ಕಾಯಾಕ ಆಗಲಿಲ್ಲೇನು? ಇನ್ನ ಅಂವ ಊರ ಮಂದಿನ ಕರದ ನಿಲ್ಲಸ್ತಾನ. ನನ್ನ ಮಾನಾ ತಗೀತಾನ.”

“ನಿಲ್ಲಸ್ಲಿ,” ಎಂದ ಮಾಳಿಂಗರಾಯ. “ನಾ ಹೋಗಿ ನಿಂದರ್ತೇನಿ. ನಮ್ಮಪ್ಪ ನಿಮ್ಮ ಕುರಿ ಬಿಡಸಾಕ ಹೋಗಿ ಬೆರಳ ಕಳಕೊಂಡ ಅಂತ ಹೇಳ್ತೇನಿ.”

ಲಕ್ಷ್ಮಪ್ಪ ಹೆಂಡತಿಯ ಕಡೆ ನೋಡಿದ. ಪದ್ಮವ್ವ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಲಿಲ್ಲ.

“ಹೇಳಬ್ಯಾಡ ಅಂದಿದ್ನಿ ನಿನಗ.”

“ಹೌದು, ಅಂದಿದ್ರಿ,” ಎಂದಳು ಅವಳು. “ರೊಟ್ಟಿ ಆರ್ತೈತಿ, ಉಣ್ರಿ.”

ಹಲವು ದಿನ ಅವನು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಗುಳಿಗೆ ಕೊಟ್ಟರೆ ನುಂಗುತ್ತಿದ್ದ. ಕುರಿ ಬಿಡುವ ಹೊತ್ತಿಗೆ ಕೋಲು ಊರಿಕೊಂಡು ದಡ್ಡಿಯ ಬಾಗಿಲ ತನಕ ಬಂದು, ಒಂದೊಂದರ ಬೆನ್ನು ಮುಟ್ಟಿ ಹೊರಗೆ ಬಿಡುತ್ತಿದ್ದ. ಕುರಿ ಮಾರುವ ಮಾತನ್ನು ಮಾಳಿಂಗರಾಯ ತೆಗೆಯಲಿಲ್ಲ. ಜಾಲಿಯ ಕಾಯಿ ತಿಂದ ಕುರಿಗಳನ್ನು ಮೂರು ನಾಲ್ಕು ದಿನ ದಡ್ಡಿಯಲ್ಲೇ ಕೂಡಿ ಹಾಕಬೇಕು, ಹಿಕ್ಕಿ ಅಲ್ಲೇ ಬೀಳಬೇಕು ಎಂದು ಅಂಜನಾ ಅಂದಾಗ, ಅವನೇ ಬಾಗಲಕೋಟೆಯಿಂದ ಜೋಳದ ಕಣಿಕೆ ಹೇರಿಕೊಂಡು ಬಂದ. ಆದರೆ ಇದು ಈ ವರ್ಷಕ್ಕೆ ಮಾತ್ರ ಎಂದೂ ಹೇಳಿದ. ಮುಂದಿನ ವರ್ಷ ಹುಲ್ಲು ಬರದಿದ್ದರೆ ತಾನು ಯಾರನ್ನೂ ಕೇಳುವುದಿಲ್ಲ ಎಂದ. ಅಂಜನಾ ಒಪ್ಪಿದಳು.

ರೋಹಿಣಿಯ ಬೆನ್ನಿಗೆ ಮಿರಗದ ಮಳೆ ಚೆನ್ನಾಗಿ ಬಿತ್ತು. ವಾರದೊಳಗೆ ಮಡ್ಡಿಯ ಮೇಲೆ ಹಸಿರು ಆಡಿತು. ಪಟ್ಟಿಯಲ್ಲಿ ಅಂಜನಾ ಅಗೆದ ಕಡೆ ಕರಕಿ ಎದ್ದಿತು. ಸಾವಿತ್ರೆವ್ವ ಮೊದಲು ಮೇಲಿಂದ ಕಡಿದುಬಿಟ್ಟಿದ್ದ ಕಡೆ ಒಂದೊಂದು ಬೊಡ್ಡೆಯಿಂದ ಹಿಡಿ ಹಿಡಿಯಷ್ಟು ಚಿಗುರು ಒಡೆದವು. ಅವಳು ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿ, ಆಮೇಲೆ ಅಂಜನಾಳ ಹತ್ತಿರ ಬಂದಳು.

“ನಿನ್ನ ಹಾರಿ ಕೊಡಿಲ್ಲಿ,” ಎಂದಳು. “ಹೆಂಗ ಅಗಿಯೂದದು, ತೋರಸು.”

ಅಂಜನಾ ಮೊದಲನೆಯದನ್ನು ತಾನೇ ಅಗೆದು ಗಂಟು ತೋರಿಸಿದಳು. ಎರಡನೆಯದನ್ನು ಸಾವಿತ್ರೆವ್ವ ಅಗೆದಳು. ಆ ದಿನ ಇಬ್ಬರೂ ಒಂದೇ ನೆರಳಿಗೆ ಕೂತು ಬುತ್ತಿ ಬಿಚ್ಚಿದರು. ಸಾವಿತ್ರೆವ್ವನ ಗಂಟಿನಲ್ಲಿ ಗಿಣ್ಣ ಇತ್ತು. ಆ ಕುರಿಯದಲ್ಲ, ಎಮ್ಮೆಯದು ಎಂದು ಅವಳು ಕೇಳದೆಯೇ ಹೇಳಿದಳು.

ಒಂದು ಮುಂಜಾನೆ ಲಕ್ಷ್ಮಪ್ಪ ಕೋಲು ಊರಿಕೊಂಡು ಮಡ್ಡಿಗೆ ಬಂದ. ಬದುವಿನ ಕಲ್ಲಿನ ಮೇಲೆ ಕೂತು ಬಟ್ಟೆ ಸುತ್ತಿದ ಕಾಲು ಚಾಚಿದ. ಆಚೆಯ ಬದುವಿನ ಮೇಲೆ ಹಣಮಪ್ಪ ನಿಂತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು. ಇಬ್ಬರ ನಡುವೆ ಮರೆಯಾಗಲು ಈ ಸಲ ಏನೂ ಇರಲಿಲ್ಲ. ಅಂಜನಾ ಪಟ್ಟಿಯ ನಡುವೆ ಮಂಡಿಯೂರಿ ಸಸಿ ಕೀಳುತ್ತಿದ್ದಳು.

ಬಹಳ ಹೊತ್ತಾದ ಮೇಲೆ ಹಣಮಪ್ಪ ಬಾಯಿಬಿಟ್ಟ. “ಅಂಜನಾ, ನಿಮ್ಮ ಮಾವಗ ಹೇಳವಾ, ಹಳ್ಳದ ದಂಡಿಗೆ ಒಂದ ಜಾಲಿ ಬೊಡ್ಡಿ ಉಳದೈತಿ ಅಂತ.”

ಅಂಜನಾ ತಲೆ ಎತ್ತಿದಳು. ಅವಳು ಏನಾದರೂ ಹೇಳುವ ಮೊದಲೇ ಲಕ್ಷ್ಮಪ್ಪನ ದನಿ ಬಂತು. “ನಿಮ್ಮ ಸಣ್ಣ ಮಾವಗ ಹೇಳು, ಅದು ಜಾಲಿ ಅಲ್ಲ, ಬನ್ನಿ. ಅದನ್ನ ಕಡೀಬ್ಯಾಡ್ರಿ ಅಂತ.”

“ಬನ್ನಿ ಆಚಿ ದಂಡಿಗೆ ಇತ್ತು ಅಂತ ಹೇಳು.”

“ಸಣ್ಣಾವಿದ್ದಾಗಿಂದ ಅವಗ ಗಿಡದ ಗುರ್ತ ಹತ್ತೂದಿಲ್ಲ ಅಂತ ಹೇಳು.”

“ಕಣ್ಣ ಕಾಣ್ದಾವ್ರು ಗಿಡದ ಮಾತ ಆಡಬಾರ್ದು ಅಂತ ಹೇಳು.”

ಅಂಜನಾ ಎದ್ದು ನಿಂತಳು. ಕೈಯ ಮಣ್ಣು ಝಾಡಿಸಿಕೊಂಡಳು. “ನಿಮ್ಮಿಬ್ಬರ ಮಾತೂ ನಿಮ್ಮಿಬ್ಬರಿಗೂ ಕೇಳಾಕ ಹತ್ಯಾವ್ರಿ,” ಎಂದಳು. “ನನಗ ಕುರಿ ತಿರವಬೇಕು.” ಕಿತ್ತ ಸಸಿಗಳ ಬುಟ್ಟಿ ಎತ್ತಿಕೊಂಡು ಹಿಂಡಿನ ಕಡೆ ಹೊರಟಳು. ಹಿಂದಿರುಗಿ ನೋಡಲಿಲ್ಲ.

ಅಣ್ಣತಮ್ಮಂದಿರು ಉಳಿದರು. ಎರಡು ಮನೆಯ ಕುರಿಗಳು ಹುಲ್ಲಿನ ಮೇಲೆ ಕಲಸಿಕೊಂಡಿದ್ದವು. ಹಣಮಪ್ಪ ಒಮ್ಮೆ ಕೆಮ್ಮಿದ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ.

“ಅಣ್ಣಾ,” ಎಂದ. “ಕಾಲ ಹೆಂಗೈತಿ?”

ಲಕ್ಷ್ಮಪ್ಪ ತನ್ನ ಕಾಲನ್ನು ನೋಡಿಕೊಂಡ.

“ಇದ್ದ ಬೆರಳ ಸುಮ್ಮನ ಅದಾವಪ್ಪ,” ಎಂದ. “ಇಲ್ಲದ್ದವ ನೋಯ್ತಾವ.”

ಹಣಮಪ್ಪ ತನ್ನ ಬದುವಿನ ಮೇಲೆ ಮೆಲ್ಲಗೆ ಕುಳಿತ. “ಹೆಂಗ ನೋಯ್ತಾವ?” ಎಂದು ಕೇಳಿದ.

ಲಕ್ಷ್ಮಪ್ಪ ಹೇಳತೊಡಗಿದ.